ಹಡಗಿನ ಲೆಕ್ಕ ಓದಿದ ಗುಮಾಸ್ತ: ಇ. ಡಿ. ಮೊರೆಲ್

ನಮ್ಮ ಜಿಲ್ಲೆಯ ಮೂಡು ಭಾಗದ ಗುಡ್ಡಗಳಲ್ಲಿ ರಬ್ಬರ್ ತೋಟ ಕಾಣದವರಿಲ್ಲ. ನಸುಕಿನಲ್ಲೆದ್ದು ಮರದ ತೊಗಟೆಗೆ ಓರೆಯಾಗಿ ಗೀರು ಹಾಕಿ, ಒಸರಿದ ಹಾಲನ್ನು ಗೆರಟೆಯಲ್ಲಿ ಹಿಡಿದು, ಹೆಪ್ಪುಗಟ್ಟಿಸಿ, ಶೀಟು ಒತ್ತಿ ಒಣಗಿಸುವ ಕ್ರಮ ಇಲ್ಲಿನ ಮಕ್ಕಳಿಗೂ ಗೊತ್ತು. ಆದರೆ ಈ ಮರ ಕೇರಳದಲ್ಲಿ ತೋಟದ ಬೆಳೆಯಾಗಿ ಕಾಲೂರಿದ್ದು 1902ರಲ್ಲಿ, ಪೆರಿಯಾರ್ ತೀರದ ತಟ್ಟೇಕ್ಕಾಡಿನಲ್ಲಿ. ಅದಕ್ಕೆ ಮೊದಲೇ ಯುರೋಪು ಅಮೆರಿಕೆಗಳಲ್ಲಿ ಸೈಕಲ್ಲುಗಳೂ ಮೋಟಾರುಗಳೂ ಓಡತೊಡಗಿದ್ದವು. ಅವುಗಳ ಗಾಲಿಗೆ ಬೇಕಾದ ರಬ್ಬರ್ ಎಲ್ಲಿಂದ ಬಂತು, ಯಾರು ಕಾಡಿನಿಂದ ತಂದರು, ತಂದವರಿಗೆ ಸಿಕ್ಕಿದ ಕೂಲಿ ಎಷ್ಟು ಎಂದು ಕೊಂಡವರು ವಿಚಾರಿಸಲಿಲ್ಲ. ಅದನ್ನು ಲೆಕ್ಕ ಹಾಕಿ ವಿಚಾರಿಸಿದವರು ಲಿವರ್‌ಪೂಲಿನ ಒಂದು ಹಡಗು ಕಂಪೆನಿಯ ಗುಮಾಸ್ತರು. ಎಡ್ಮಂಡ್ ಡೀನ್ ಮೊರೆಲ್ ಎಂಬ ಆ ಮನುಷ್ಯ ತೀರಿಕೊಂಡು ನೂರು ವರ್ಷ ಕಳೆದಿದೆ. ಅವರು ಕೇಳಿದ ಪ್ರಶ್ನೆ ಮಾತ್ರ ಇನ್ನೂ ಹಳತಾಗಿಲ್ಲ. ಆದಕಾರಣ ಅವರ ಜೀವನವನ್ನು ಇಂದು ನಮ್ಮ ಓದುಗರ ಮುಂದಿಡುತ್ತಿದ್ದೇವೆ.

ಎರಡು ಭಾಷೆಯ ಬಾಲಕ

ಮೊರೆಲರು ಹುಟ್ಟಿದ್ದು 1873ರ ಜುಲೈ 10ರಂದು, ಪ್ಯಾರಿಸ್ ನಗರದಲ್ಲಿ. ತಂದೆ ಫ್ರೆಂಚ್ ಸರಕಾರದ ನೌಕರ, ತಾಯಿ ಇಂಗ್ಲಿಷ್ ಮಹಿಳೆ. ಮಗುವಿಗೆ ನಾಲ್ಕು ವರ್ಷವಾದಾಗ ತಂದೆ ತೀರಿಕೊಂಡರು. ತಾಯಿ ಕಷ್ಟಪಟ್ಟು ಮಗನನ್ನು ಇಂಗ್ಲೆಂಡಿನ ಶಾಲೆಗೆ ಕಳುಹಿಸಿದರು. ಆಕೆಯ ಆರೋಗ್ಯ ಕೆಟ್ಟು ಹಣಕ್ಕೆ ತತ್ವಾರವಾದಾಗ ಹದಿನೈದರ ಹುಡುಗ ಓದು ನಿಲ್ಲಿಸಿ, ಪ್ಯಾರಿಸಿಗೆ ಮರಳಿ, ಬ್ಯಾಂಕೊಂದರಲ್ಲಿ ಗುಮಾಸ್ತನಾದ. 1891ರಲ್ಲಿ ಲಿವರ್‌ಪೂಲಿನ ಎಲ್ಡರ್ ಡೆಂಪ್‌ಸ್ಟರ್ ಹಡಗು ಕಂಪೆನಿಯಲ್ಲಿ ಕೆಲಸ ಸಿಕ್ಕಿತು. ಸಂಬಳ ಸಾಲದೆ ಫ್ರೆಂಚ್ ಪಾಠ ಹೇಳಿ ನಾಲ್ಕು ಕಾಸು ಸಂಪಾದಿಸಿದ್ದೂ ಉಂಟು, ವ್ಯಾಪಾರದ ಪತ್ರಿಕೆಗಳಿಗೆ ಲೇಖನ ಬರೆದದ್ದೂ ಉಂಟು. 1896ರಲ್ಲಿ ಮದುವೆಯಾಯಿತು. ಮುಂದೆ ಐವರು ಮಕ್ಕಳ ಸಂಸಾರ.

ಎರಡು ಭಾಷೆಗಳ ನಡುವೆ ಬೆಳೆದವರ ಕಷ್ಟವೇನು, ಲಾಭವೇನು ಎಂಬುದನ್ನು ಗಡಿನಾಡಿನ ನಮ್ಮ ಓದುಗರಿಗೆ ಬೇರೆ ಹೇಳಬೇಕಾಗಿಲ್ಲ. ಮೊರೆಲರ ಪಾಲಿಗೆ ಅದು ಲಾಭವೇ ಆಯಿತು. ಕಂಪೆನಿಯ ಹಡಗುಗಳು ಬೆಲ್ಜಿಯಂ ದೇಶದ ಆಂಟ್‌ವರ್ಪ್ ಬಂದರಿನಿಂದ ಆಫ್ರಿಕದ ಕಾಂಗೋ ನದಿಯ ಬೋಮಾಕ್ಕೆ ಓಡುತ್ತಿದ್ದವು. ಆ ಹಾದಿಯ ಸರಕು ಸಾಗಣೆಯ ಗುತ್ತಿಗೆ ಪೂರ್ತಿಯಾಗಿ ಈ ಕಂಪೆನಿಯದ್ದೇ. ಬೆಲ್ಜಿಯಂನ ಅಧಿಕಾರಿಗಳ ಜೊತೆ ಫ್ರೆಂಚಿನಲ್ಲಿ ವ್ಯವಹರಿಸಬಲ್ಲ ಗುಮಾಸ್ತ ಬೇಕಾಗಿತ್ತು. ಹೀಗೆ ಮೊರೆಲರು ಆಗಾಗ ಆಂಟ್‌ವರ್ಪಿಗೆ ಹೋಗಿ ಬರತೊಡಗಿದರು. ಎರಡೂ ದಡದ ಕಾಗದಪತ್ರ ಅವರ ಕೈಗೆ ಬಂತು.

ಒಬ್ಬನ ಸೊತ್ತಾದ ದೇಶ

ಇಲ್ಲಿ ಕಾಂಗೋದ ಅಂದಿನ ಸ್ಥಿತಿಯನ್ನು ತುಸು ವಿವರಿಸಬೇಕು. 1884-85ರಲ್ಲಿ ಬರ್ಲಿನ್ನಿನಲ್ಲಿ ಸೇರಿದ ಯುರೋಪಿನ ರಾಜ್ಯಗಳು ಆಫ್ರಿಕವನ್ನು ಹಂಚಿಕೊಳ್ಳುವ ನಿಯಮಗಳನ್ನು ಗೊತ್ತುಮಾಡಿಕೊಂಡವು. ಆ ಹೊತ್ತಿನಲ್ಲಿ ಬೆಲ್ಜಿಯಂನ ದೊರೆ ಎರಡನೆಯ ಲಿಯೊಪೋಲ್ಡ್ ಕಾಂಗೋ ಪ್ರದೇಶವನ್ನು ತನ್ನ ಸ್ವಂತ ಸೊತ್ತಾಗಿ ಗಿಟ್ಟಿಸಿಕೊಂಡ. ಅದು ಬೆಲ್ಜಿಯಂ ದೇಶದ ವಸಾಹತಲ್ಲ, ದೊರೆಯೊಬ್ಬನ ಆಸ್ತಿ. ಬೆಲ್ಜಿಯಂಗಿಂತ ಎಪ್ಪತ್ತಾರು ಪಾಲು ದೊಡ್ಡದು. ಗುಲಾಮರ ವ್ಯಾಪಾರವನ್ನು ನಿಲ್ಲಿಸುವುದು, ನಾಗರಿಕತೆಯನ್ನು ಹರಡುವುದು ತನ್ನ ಉದ್ದೇಶವೆಂದು ಅವನು ಜಗತ್ತಿಗೆ ಸಾರಿದ್ದ.

ಆರಂಭದಲ್ಲಿ ಆನೆದಂತ ಮುಖ್ಯ ಸರಕಾಗಿತ್ತು. 1888ರಲ್ಲಿ ಡನ್‌ಲಪ್ ಎಂಬವರು ಗಾಳಿ ತುಂಬಿದ ಟಯರನ್ನು ಬಳಕೆಗೆ ತಂದ ಮೇಲೆ ರಬ್ಬರಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಕಾಂಗೋದಲ್ಲಿ ರಬ್ಬರ್ ತೋಟ ಇರಲಿಲ್ಲ. ಅಲ್ಲಿನ ದಟ್ಟ ಕಾಡಿನ ಮರಗಳಿಗೆ ಸುತ್ತಿಕೊಂಡು ಬೆಳೆಯುವ ಬಳ್ಳಿಯಲ್ಲಿ ರಬ್ಬರಿನ ಹಾಲು ಇತ್ತು. ಬಳ್ಳಿಯನ್ನು ಹುಡುಕಿ, ಮರ ಹತ್ತಿ, ಕಡಿದು ಹಾಲು ಇಳಿಸಬೇಕು. ಹತ್ತಿರದ ಬಳ್ಳಿ ಮುಗಿದಂತೆ ಇನ್ನೂ ದೂರ ಹೋಗಬೇಕು. ಎಷ್ಟೋ ಜನ ಆ ಅಂಟನ್ನು ಮೈಗೇ ಬಳಿದುಕೊಂಡು, ಒಣಗಿದ ಮೇಲೆ ರೋಮ ಸಮೇತ ಕಿತ್ತು ತೆಗೆಯುತ್ತಿದ್ದರು. ಇಂಥ ಕೆಲಸಕ್ಕೆ ತಾವಾಗಿ ಯಾರು ಹೋದಾರು?

ದೊರೆಯ ಆಡಳಿತ ಇದಕ್ಕೊಂದು ಉಪಾಯ ಹೂಡಿತು. ಉಳದ ಭೂಮಿಯೆಲ್ಲ ಸರಕಾರದ್ದು, ಅದರಲ್ಲಿ ಬೆಳೆದ ರಬ್ಬರೂ ದಂತವೂ ಸರಕಾರದ್ದು ಎಂದು ಆಜ್ಞೆಯಾಯಿತು. ಹಳ್ಳಿಗೆ ಇಷ್ಟು ತೂಕ ರಬ್ಬರ್ ಎಂದು ಗೊತ್ತುಪಡಿಸಿದರು. ಸೈನಿಕರು ಬಂದು ಹೆಂಗಸರನ್ನು ಒತ್ತೆಯಾಗಿ ಹಿಡಿದಿಡುತ್ತಿದ್ದರು. ಗಂಡಸರು ರಬ್ಬರ್ ತಂದೊಪ್ಪಿಸಿದರೆ ಬಿಡುಗಡೆ. ತೂಕ ಕಡಿಮೆಯಾದರೆ ನೀರಾನೆಯ ಚರ್ಮದ ಚಾವಟಿಯ ಏಟು. ಎದುರು ನಿಂತ ಹಳ್ಳಿಗೆ ಬೆಂಕಿ, ಗುಂಡು. ಸೈನಿಕರು ತೋಟಾಗಳನ್ನು ಬೇಟೆಗೆ ಪೋಲುಮಾಡಬಾರದೆಂದು, ಹಾರಿಸಿದ ಪ್ರತಿಯೊಂದು ಗುಂಡಿಗೂ ಸತ್ತವನ ಬಲಗೈ ಕತ್ತರಿಸಿ ತಂದು ಲೆಕ್ಕ ಒಪ್ಪಿಸಬೇಕಾಗಿತ್ತು. ಲೆಕ್ಕ ಸರಿದೂಗಿಸಲು ಜೀವಂತ ಇದ್ದವರ ಕೈಯನ್ನೂ ಕಡಿದ ಪ್ರಸಂಗಗಳು ದಾಖಲಾಗಿವೆ.

ಬಂದರಿನಲ್ಲಿ ಕಂಡ ಲೆಕ್ಕ

ಈ ಸುದ್ದಿ ಹೊರಜಗತ್ತಿಗೆ ಸ್ವಲ್ಪವೂ ಬಂದಿರಲಿಲ್ಲವೆಂದಲ್ಲ. ಅಮೆರಿಕದ ಕರಿಯ ಜನಾಂಗದ ಜಾರ್ಜ್ ವಾಷಿಂಗ್‌ಟನ್ ವಿಲಿಯಮ್ಸ್ 1890ರಲ್ಲೇ ದೊರೆಗೆ ಬಹಿರಂಗ ಪತ್ರ ಬರೆದು ಖಂಡಿಸಿದ್ದರು. ಅದೇ ಜನಾಂಗದ ಪಾದ್ರಿ ವಿಲಿಯಂ ಶೆಪರ್ಡ್ 1899ರಲ್ಲಿ ಸೈನಿಕರ ಬಿಡಾರವೊಂದರಲ್ಲಿ ಹೊಗೆಗಿಟ್ಟ 81 ಬಲಗೈಗಳನ್ನು ಎಣಿಸಿ ವರದಿ ಮಾಡಿದ್ದರು. ಆದರೆ ಇವೆಲ್ಲ ಕೆಲವು ಕೆಟ್ಟ ಅಧಿಕಾರಿಗಳ ಅತಿರೇಕ, ದೂರದ ಕಾಡಿನಲ್ಲಿ ನಡೆದ ತಪ್ಪು, ವಿಚಾರಿಸಿ ಶಿಕ್ಷಿಸುತ್ತೇವೆ ಎಂದು ದೊರೆಯ ಕಡೆಯವರು ಸಮಾಧಾನ ಹೇಳುತ್ತಿದ್ದರು. ಮೊರೆಲರೂ ಮೊದಮೊದಲು ಕಾಂಗೋ ಆಡಳಿತದ ಪರವಾಗಿಯೇ ಬರೆದವರು.

ಅವರ ಕಣ್ಣು ತೆರೆಸಿದ್ದು ಕಂಪೆನಿಯ ಸ್ವಂತ ಪುಸ್ತಕಗಳು. ಕಾಂಗೋದಿಂದ ಬರುವ ಹಡಗುಗಳ ಹೊಟ್ಟೆಯಲ್ಲಿ ರಬ್ಬರ್, ದಂತಗಳು ತುಂಬಿರುತ್ತಿದ್ದವು. ಹೊರಡುವ ಹಡಗುಗಳಲ್ಲಿ ಕೋವಿಗಳೂ ಮದ್ದುಗುಂಡುಗಳೂ ಅಧಿಕಾರಿಗಳ ಸಾಮಾನುಗಳೂ ಹೋಗುತ್ತಿದ್ದವು. ಅಷ್ಟು ಬೆಲೆಯ ರಬ್ಬರನ್ನು ಕೊಳ್ಳಬೇಕಾದರೆ ಅದಕ್ಕೆ ತಕ್ಕ ವಿನಿಮಯದ ಸರಕು ಹೋಗಬೇಕಷ್ಟೆ? ಅದು ಹೋಗುತ್ತಲೇ ಇರಲಿಲ್ಲ. ಸಾಲದುದಕ್ಕೆ, ಹಡಗಿನಿಂದ ಇಳಿದ ಮಾಲಿಗೂ ದೊರೆಯ ಸರಕಾರ ಪ್ರಕಟಿಸುತ್ತಿದ್ದ ಅಂಕಿಗಳಿಗೂ ತಾಳೆಯಿರಲಿಲ್ಲ. ಬಂದದ್ದು ಹೆಚ್ಚು, ತೋರಿಸಿದ್ದು ಕಡಿಮೆ. ನಡುವಿನ ಹಣ ಯಾರದೋ ಕಿಸೆ ಸೇರುತ್ತಿತ್ತು.

ಅಂಗಡಿಯ ಜಮಾಖರ್ಚು ಬರೆದು ಗೊತ್ತಿದ್ದ ಯಾರಿಗಾದರೂ ಇದರ ಅರ್ಥ ಹೊಳೆಯಬೇಕು. ಮಾಲು ಬಂತು, ಬೆಲೆ ಹೋಗಲಿಲ್ಲ, ಕೋವಿ ಹೋಯಿತು. ಹಾಗಾದರೆ ಅದು ವ್ಯಾಪಾರವಲ್ಲ, ಬಲವಂತದ ದುಡಿಮೆ. ಅದೂ ಯಾರೋ ಒಬ್ಬ ಕ್ರೂರಿಯ ಕೆಲಸವಲ್ಲ. ವರ್ಷ ವರ್ಷವೂ ಇಡೀ ದೇಶದ ಲೆಕ್ಕ ಹೀಗೆಯೇ ಇದ್ದರೆ ಬಲಾತ್ಕಾರವೇ ಆ ರಾಜ್ಯದ ಅಡಿಪಾಯವೆಂದು ತಿಳಿಯಬೇಕು. ಮೊರೆಲರು ಆಗಿನ್ನೂ ಕಾಂಗೋವನ್ನು ಕಂಡವರಲ್ಲ. ಮುಂದೆಯೂ ಕಾಣಲಿಲ್ಲ. ಕಣ್ಣಾರೆ ಕಂಡವರು ಒಂದು ಹಳ್ಳಿಯ ದುಃಖವನ್ನು ಹೇಳಿದ್ದರು, ಲೆಕ್ಕ ಓದಿದ ಈ ಗುಮಾಸ್ತರು ಇಡೀ ವ್ಯವಸ್ಥೆಯನ್ನು ಹಿಡಿದರು. ಅವರ ಹಿರಿಮೆ ಇರುವುದು ಇಲ್ಲಿ.

ಅವರು ತಮ್ಮ ಶೋಧವನ್ನು ಕಂಪೆನಿಯ ಯಜಮಾನ ಸರ್ ಆಲ್‌ಫ್ರೆಡ್ ಜೋನ್ಸ್ ಅವರ ಮುಂದಿಟ್ಟರು. ಜೋನ್ಸರು ಲಿವರ್‌ಪೂಲಿನಲ್ಲಿ ಕಾಂಗೋ ರಾಜ್ಯದ ಪ್ರತಿನಿಧಿಯೂ ಆಗಿದ್ದರು, ಲಾಭದ ಗುತ್ತಿಗೆಯನ್ನು ಬಿಡುವ ಮನಸ್ಸು ಅವರಿಗಿರಲಿಲ್ಲ. ಮೊರೆಲರ ಬಾಯಿ ಮುಚ್ಚಿಸಲು ಹೆಚ್ಚಿನ ಸಂಬಳದ ಆಶೆ ತೋರಿಸಿದ್ದಾಯಿತು. ಮೊರೆಲರು ಬಗ್ಗಲಿಲ್ಲ. 1901ರಲ್ಲಿ, ಇಪ್ಪತ್ತೆಂಟರ ಹರೆಯದಲ್ಲಿ, ಹೆಂಡತಿ ಮಕ್ಕಳಿರುವ ಸಂಸಾರಸ್ಥರು ನಂಬಿದ ನೌಕರಿಗೆ ರಾಜೀನಾಮೆ ಕೊಟ್ಟು ಹೊರಬಿದ್ದರು.

ಲೇಖನಿಯ ಹೋರಾಟ

ಮುಂದಿನ ಹನ್ನೆರಡು ವರ್ಷ ಅವರ ಆಯುಧ ಲೇಖನಿ. 1903ರಲ್ಲಿ ಪಶ್ಚಿಮ ಆಫ್ರಿಕದ ವ್ಯವಹಾರಗಳಿಗಾಗಿಯೇ ವಾರಪತ್ರಿಕೆಯೊಂದನ್ನು ಸ್ಥಾಪಿಸಿದರು. ಲಿವರ್‌ಪೂಲಿನ ವ್ಯಾಪಾರಿ ಜಾನ್ ಹೋಲ್ಟ್ ಮೊದಲಾದವರು ನೆರವಾದರು. ಸಣ್ಣ ಪತ್ರಿಕೆಯನ್ನು ಉಳಿಸಿಕೊಳ್ಳುವುದೆಂದರೆ ಏನೆಂಬುದು ನಮಗೂ ನಮ್ಮ ಓದುಗರಿಗೂ ತಿಳಿದ ವಿಷಯವೇ. ಹಣದ ಮುಗ್ಗಟ್ಟು ಮೊರೆಲರನ್ನು ಕೊನೆಯವರೆಗೂ ಬಿಡಲಿಲ್ಲ. ಆದರೂ ಅಂಕಿ ಅಂಶವಿಲ್ಲದೆ ಮಾತಾಡಬಾರದೆಂಬ ಗುಮಾಸ್ತಿಕೆಯ ಶಿಸ್ತನ್ನು ಅವರು ಬಿಟ್ಟುಕೊಡಲಿಲ್ಲ.

ಅದೇ 1903ರ ಮೇ ತಿಂಗಳಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾಂಗೋದ ಬಗ್ಗೆ ನಿರ್ಣಯ ಅಂಗೀಕರಿಸಿತು. ಬೋಮಾದಲ್ಲಿದ್ದ ಬ್ರಿಟಿಷ್ ಕಾನ್ಸಲ್ ರೋಜರ್ ಕೇಸ್‌ಮೆಂಟ್ ಅವರು ಸರಕಾರದ ಅಪ್ಪಣೆಯಂತೆ ನದಿಯ ಒಳನಾಡಿಗೆ ಹೋಗಿ, ಹಳ್ಳಿ ಹಳ್ಳಿಯ ಜನರನ್ನು ವಿಚಾರಿಸಿ ವರದಿ ಬರೆದರು. 1904ರ ಆದಿಯಲ್ಲಿ ಅದು ಪ್ರಕಟವಾದಾಗ, ಮೊರೆಲರು ಲಿವರ್‌ಪೂಲಿನ ಮೇಜಿನ ಮುಂದೆ ಕೂತು ಊಹಿಸಿದ್ದೆಲ್ಲ ನಿಜವೆಂದು ಗೊತ್ತಾಯಿತು. ಇಬ್ಬರೂ ಭೇಟಿಯಾಗಿ ಗೆಳೆಯರಾದರು. 1904ರ ಮಾರ್ಚಿಯಲ್ಲಿ ಕಾಂಗೋ ಸುಧಾರಣಾ ಸಂಘ ಹುಟ್ಟಿತು. ಅದೇ ವರ್ಷ ಮೊರೆಲರು ಅಮೆರಿಕಕ್ಕೆ ಹೋಗಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರನ್ನು ಕಂಡರು. ಮಾರ್ಕ್ ಟ್ವೇನ್, ಷರ್ಲಾಕ್ ಹೋಮ್ಸ್ ಕತೆಗಳ ಕಾನನ್ ಡಾಯ್ಲ್ ಮುಂತಾದ ಸಾಹಿತಿಗಳು ಕಾಂಗೋದ ಪರವಾಗಿ ಪುಸ್ತಕ ಬರೆದರು. ಪಾದ್ರಿಯೊಬ್ಬರ ಪತ್ನಿ ಆಲಿಸ್ ಹ್ಯಾರಿಸ್ ತೆಗೆದ ಛಾಯಾಚಿತ್ರಗಳನ್ನು ಪರದೆಯ ಮೇಲೆ ತೋರಿಸಿ ಊರೂರುಗಳಲ್ಲಿ ಸಭೆಗಳು ನಡೆದವು. ಅವುಗಳಲ್ಲೊಂದರಲ್ಲಿ ನ್ಸಾಲ ಎಂಬ ತಂದೆ ತನ್ನ ಪುಟ್ಟ ಮಗಳ ಕಡಿದ ಕೈಯನ್ನೂ ಪಾದವನ್ನೂ ಮುಂದಿಟ್ಟುಕೊಂಡು ಸುಮ್ಮನೆ ಕುಳಿತಿದ್ದಾನೆ.

ಈ ಹೋರಾಟ ಬಿಳಿಯರದ್ದು ಮಾತ್ರವೆಂದು ತಿಳಿಯಬಾರದು. ಲಾಗೋಸಿನಲ್ಲಿ ಹುಟ್ಟಿ ಬೋಮಾದಲ್ಲಿ ವ್ಯಾಪಾರ ನಡೆಸುತ್ತಿದ್ದ ಹೆಜಕಾಯ ಶಾನು ಎಂಬ ಆಫ್ರಿಕನರು ಮೊರೆಲರಿಗೆ ಗುಟ್ಟಾಗಿ ಕಾಗದಪತ್ರ ಕಳುಹಿಸಿದರು. ವಿಷಯ ಬಯಲಾದ ಮೇಲೆ ಸರಕಾರ ಅವರ ವ್ಯಾಪಾರವನ್ನು ಮುರಿಯಿತು. 1905ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಒತ್ತಡ ತಾಳಲಾರದೆ ದೊರೆಯೇ ನೇಮಿಸಿದ ವಿಚಾರಣಾ ಮಂಡಳಿಯ ಮುಂದೆ ಲೊಂಟುಲು ಎಂಬ ಹಳ್ಳಿಯ ಮುಖಂಡ 110 ಕಡ್ಡಿಗಳನ್ನು ಮೇಜಿನ ಮೇಲಿಟ್ಟ. ರಬ್ಬರಿಗಾಗಿ ಸತ್ತ ತನ್ನವರ ಲೆಕ್ಕ ಅದು, ಒಬ್ಬೊಬ್ಬರಿಗೆ ಒಂದೊಂದು ಕಡ್ಡಿ. ಓದು ಬರಹ ಅರಿಯದ ಆ ಮುದುಕನ ಲೆಕ್ಕಕ್ಕೂ ಮೊರೆಲರ ಲೆಕ್ಕಕ್ಕೂ ಸರಿಯಾಗಿ ತಾಳೆಯಾಯಿತು. ದೊರೆಯದೇ ಮಂಡಳಿ 1905ರಲ್ಲಿ ದೂರುಗಳು ನಿಜವೆಂದು ಒಪ್ಪಿತು.

ಗೆಲವು ಎಷ್ಟು?

1908ರ ನವೆಂಬರಿನಲ್ಲಿ ಕಾಂಗೋ ದೊರೆಯ ಕೈತಪ್ಪಿ ಬೆಲ್ಜಿಯಂ ದೇಶದ ವಶವಾಯಿತು. ಅದಕ್ಕೆ ಮೊದಲು ಬ್ರಸೆಲ್ಸಿನಲ್ಲಿ ಕಾಂಗೋ ಕಚೇರಿಯ ಕಡತಗಳನ್ನು ಎಂಟು ದಿನ ಒಲೆಗೆ ಹಾಕಿ ಸುಟ್ಟರು. ವಿಚಿತ್ರವೆಂದರೆ, ದೊರೆಗೆ ಶಿಕ್ಷೆಯಾಗಲಿಲ್ಲ, ಅವನ ಶ್ರಮಕ್ಕೆ ಕೃತಜ್ಞತೆಯಾಗಿ 5 ಕೋಟಿ ಫ್ರಾಂಕ್ ಗೊತ್ತುಮಾಡಿದರು. ಆ ಹಣವೂ ಕಾಂಗೋದಿಂದಲೇ ಹುಟ್ಟಬೇಕಾಗಿತ್ತು. 1909ರಲ್ಲಿ ದೊರೆ ಸತ್ತ. ಜನಗಣತಿ ಇಲ್ಲದ ಆ ನಾಡಿನಲ್ಲಿ ಸತ್ತವರ ಸಂಖ್ಯೆಯ ಬಗ್ಗೆ ಚರಿತ್ರಕಾರರಲ್ಲಿ ಒಮ್ಮತವಿಲ್ಲ. ಲಕ್ಷಗಟ್ಟಲೆ ಜನ ಗುಂಡಿಗೆ, ಹಸಿವಿಗೆ, ರೋಗಕ್ಕೆ ಬಲಿಯಾದರೆಂಬುದರಲ್ಲಿ ಮಾತ್ರ ಸಂಶಯವಿಲ್ಲ.

ಮೊರೆಲರ ಸಂಘ 1913ರಲ್ಲಿ ತನ್ನ ಕೆಲಸ ಮುಗಿಯಿತೆಂದು ವಿಸರ್ಜನೆಗೊಂಡಿತು. ಕೈ ಕಡಿಯುವ ಕಾಲ ಮುಗಿದಿತ್ತು, ನಿಜ. ಅಷ್ಟರಲ್ಲಿ ಏಷ್ಯದ ತೋಟಗಳ ರಬ್ಬರ್ ಪೇಟೆಯನ್ನು ತುಂಬಿ ಕಾಡಿನ ಬಳ್ಳಿಗೆ ಬೆಲೆಯಿಲ್ಲದಂತೆ ಮಾಡಿತ್ತು ಎಂಬುದನ್ನೂ ಮರೆಯಬಾರದು. ಆದರೆ ಬಲವಂತ ಬೇರೆ ವೇಷ ತೊಟ್ಟಿತು. ತಲೆಗಂದಾಯ ಹೇರಿ, ಅದನ್ನು ತೀರಿಸಲು ಕೂಲಿಗೆ ಹೋಗದೆ ಬೇರೆ ದಾರಿಯಿಲ್ಲದಂತೆ ಮಾಡುವುದು ಹೊಸ ಕ್ರಮ. 1911ರಲ್ಲಿ ಲೀವರ್ ಸಾಬೂನು ಕಂಪೆನಿಗೆ ತಾಳೆಎಣ್ಣೆಗಾಗಿ ಕಾಂಗೋದಲ್ಲಿ ದೊಡ್ಡ ಪ್ರದೇಶಗಳ ಹಕ್ಕು ಸಿಕ್ಕಿತು. ಅಲ್ಲಿ ತಾಳೆಗೊನೆ ಕೊಯ್ಯಲು ಜನರನ್ನು ಅಧಿಕಾರಿಗಳ ಒತ್ತಾಯದಿಂದ ಕಳುಹಿಸಿದ್ದು ಬೆಲ್ಜಿಯಂನ ದಾಖಲೆಗಳಿಂದಲೇ ಮುಂದೆ ಬೆಳಕಿಗೆ ಬಂತು. 1931ರಲ್ಲಿ ಪೆಂಡೆ ಜನರು ದಂಗೆ ಎದ್ದರು. ಆ ಕಂಪೆನಿಯ ಸನ್‌ಲೈಟ್ ಸಾಬೂನು 1888ರಿಂದಲೇ ಕಲ್ಕತ್ತೆಯ ಬಂದರಿಗೆ ಬರುತ್ತಿತ್ತು. ನಮ್ಮ ದೇಶದಲ್ಲಿ ಬಟ್ಟೆ ಒಗೆದವರಿಗೆ ಕಾಂಗೋದ ಸುದ್ದಿ ಹೇಗೆ ತಿಳಿಯಬೇಕು?

ಹಿತೈಷಿಗಳ ಕೋಕೋ

ಮೊರೆಲರ ಸಂಘಕ್ಕೂ ಪತ್ರಿಕೆಗೂ ಹಣ ಕೊಟ್ಟ ಉದಾರಿಗಳಲ್ಲಿ ವಿಲಿಯಂ ಕ್ಯಾಡ್‌ಬರಿ ಒಬ್ಬರು, ಹೆಸರಾಂತ ಚಾಕಲೇಟ್ ಮನೆತನದವರು. ಅವರ ಕಾರ್ಖಾನೆಗೆ ಕೋಕೋ ಬೀಜದ ದೊಡ್ಡ ಪಾಲು ಬರುತ್ತಿದ್ದದ್ದು ಪೋರ್ಚುಗೀಸರ ಸಾವೊ ತೋಮೆ ದ್ವೀಪದಿಂದ. ಅಲ್ಲಿ ದುಡಿಯುತ್ತಿದ್ದವರನ್ನು ಅಂಗೋಲದ ಒಳನಾಡಿನಿಂದ ಕೊಂಡು ತರುತ್ತಿದ್ದರು. ಕಾಗದದ ಮೇಲೆ ಐದು ವರ್ಷದ ಕರಾರು, ಹೋದವರು ಮರಳಿ ಬಂದದ್ದಿಲ್ಲ. 1901ರಲ್ಲೇ ಕ್ಯಾಡ್‌ಬರಿಯವರ ಕಿವಿಗೆ ಸುದ್ದಿ ಬಿದ್ದಿತ್ತು. ವಿಚಾರಣೆ, ಪ್ರತಿನಿಧಿ, ಮಾತುಕತೆ ಎನ್ನುತ್ತ ವರ್ಷಗಳು ಉರುಳಿದವು. 1906ರಲ್ಲಿ ಪತ್ರಕರ್ತ ಹೆನ್ರಿ ನೆವಿನ್‌ಸನ್ ತಾವು ಕಂಡದ್ದನ್ನು ಪುಸ್ತಕವಾಗಿ ಪ್ರಕಟಿಸಿದರು. ಕಂಪೆನಿ ಆ ಕೋಕೋ ಕೊಳ್ಳುವುದನ್ನು ನಿಲ್ಲಿಸಿದ್ದು 1909ರಲ್ಲಿ. ತಮ್ಮನ್ನು ಕಪಟಿಗಳೆಂದು ಜರೆದ ಪತ್ರಿಕೆಯ ಮೇಲೆ ಕ್ಯಾಡ್‌ಬರಿಯವರು ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ ಗೆಲವೇನೋ ಅವರದ್ದೇ ಆಯಿತು. ಪಂಚರು ಕೊಡಿಸಿದ ಪರಿಹಾರ ಮಾತ್ರ ಒಂದು ಫಾರ್ದಿಂಗ್, ಅಂದರೆ ಒಂದು ಪೆನ್ನಿಯ ಕಾಲು ಭಾಗ. ಅಡಿಕೆ ತೋಟದ ನಡುವೆ ಕೋಕೋ ಬೆಳೆದು ಹಸಿಬೀಜ ತೂಗಿಸಿದ ನಮ್ಮ ಕೃಷಿಕರು ಈ ಕತೆಯನ್ನು ತಿಳಿದಿರುವುದು ಒಳ್ಳೆಯದು.

ರಬ್ಬರಿನ ವಿಷಯದಲ್ಲಿ ಕಿಡಿ ಕಾರಿದ ಮೊರೆಲರು ಮಿತ್ರರ ಕೋಕೋವಿನ ವಿರುದ್ಧ ಅಂಥ ಚಳವಳಿ ಹೂಡಲಿಲ್ಲ. ಇದು ಅವರೊಬ್ಬರ ದೌರ್ಬಲ್ಯವೆಂದು ನಾವು ಭಾವಿಸುವುದಿಲ್ಲ. ಪರರ ಲೆಕ್ಕ ಸುಲಭವಾಗಿ ಓದಲು ಬರುತ್ತದೆ, ನಮ್ಮವರ ಲೆಕ್ಕ ಓದುವಾಗ ಕಣ್ಣು ಮಂಜಾಗುತ್ತದೆ.

ಸೆರೆಮನೆ, ಪಾರ್ಲಿಮೆಂಟು

1914ರಲ್ಲಿ ಮಹಾಯುದ್ಧ ಬಂತು. ಗುಟ್ಟಿನ ಒಪ್ಪಂದಗಳೇ ಯುದ್ಧಕ್ಕೆ ಕಾರಣವೆಂದು ನಂಬಿದ ಮೊರೆಲರು, ವಿದೇಶ ನೀತಿ ಜನರ ಹತೋಟಿಯಲ್ಲಿರಬೇಕೆಂದು ವಾದಿಸುವ ಸಂಸ್ಥೆಯೊಂದರ ಕಾರ್ಯದರ್ಶಿಯಾದರು. ಕಾಂಗೋದ ಕಾಲದಲ್ಲಿ ಹೊಗಳಿದವರೇ ದೇಶದ್ರೋಹಿಯೆಂದು ಬೈದರು. 1917ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿದ್ದ ಸಾಹಿತಿ ರೊಮೈನ್ ರೋಲಾಂಡರಿಗೆ ಬರಹ ಕಳುಹಿಸಿದ ನೆಪದಲ್ಲಿ ಆರು ತಿಂಗಳ ಸಜೆಯಾಯಿತು. ಪೆಂಟನ್‌ವಿಲ್ ಜೈಲಿನಲ್ಲಿ ಅಂಚೆಚೀಲ ಹೊಲಿದು ದಿನ ಕಳೆದರು. ಹೊರಬಂದಾಗ ಕೂದಲು ಬೆಳ್ಳಗಾಗಿ ದೇಹ ಸೋತಿತ್ತು. ಅವರ ಹಳೆಯ ಗೆಳೆಯ ಕೇಸ್‌ಮೆಂಟ್ ಐರಿಷ್ ಸ್ವಾತಂತ್ರ್ಯಕ್ಕಾಗಿ 1916ರಲ್ಲೇ ಗಲ್ಲಿಗೇರಿದ್ದರು.

ಮೊರೆಲರ ಬಾಳಿನ ಒಂದು ಕಳಂಕವನ್ನೂ ಇಲ್ಲಿ ಹೇಳಬೇಕು. 1920ರಲ್ಲಿ ಜರ್ಮನಿಯ ರೈನ್ ಪ್ರದೇಶದಲ್ಲಿ ಫ್ರಾನ್ಸ್ ಇರಿಸಿದ ಆಫ್ರಿಕನ್ ಸೈನಿಕರ ಬಗ್ಗೆ ಅವರು ಬರೆದ ಬರಹಗಳು ಆ ಇಡೀ ಜನಾಂಗವನ್ನು ಹೀನಾಯವಾಗಿ ಚಿತ್ರಿಸಿದವು. ಜಮೈಕಾದ ಕವಿ ಕ್ಲಾಡ್ ಮೆಕೇ ಅದನ್ನು ಆಗಲೇ ಪ್ರತಿಭಟಿಸಿದರು. ಯಾರ ಕೈಗಳಿಗಾಗಿ ಮೊರೆಲರು ಹನ್ನೆರಡು ವರ್ಷ ಹೋರಾಡಿದರೋ ಅವರನ್ನೇ ಈ ರೀತಿ ಬಣ್ಣಿಸಿದ್ದು ಕ್ಷಮೆಗೆ ತಕ್ಕುದಲ್ಲ. ಅವರನ್ನು ದೇವರ ಪೀಠಕ್ಕೇರಿಸುವವರು ಇದನ್ನು ನೆನಪಿಡಬೇಕು.

1922ರ ಚುನಾವಣೆಯಲ್ಲಿ ಮೊರೆಲರು ಲೇಬರ್ ಪಕ್ಷದ ಪರವಾಗಿ ಸ್ಕಾಟ್‌ಲೆಂಡಿನ ಡಂಡೀಯಲ್ಲಿ ನಿಂತರು. ಬಂಗಾಳದ ಸೆಣಬನ್ನು ನೇಯುವ ಗಿರಣಿಗಳ ಊರು ಅದು. ಅಲ್ಲಿ ಸೋತವರು ಸಾಮಾನ್ಯರಲ್ಲ, ವಿನ್‌ಸ್ಟನ್ ಚರ್ಚಿಲ್. 1924ರಲ್ಲಿ ಮೊದಲ ಲೇಬರ್ ಸರಕಾರ ಬಂದಾಗ ವಿದೇಶ ಖಾತೆ ಮೊರೆಲರಿಗೆ ಸಿಗಬಹುದೆಂದು ಅನೇಕರು ಎಣಿಸಿದ್ದರು. ಸಿಗಲಿಲ್ಲ. ಅದೇ ವರ್ಷ ನವೆಂಬರ್ 12ರಂದು ಡೆವನ್ ಸೀಮೆಯ ಕಾಡಿನಲ್ಲಿ ನಡೆದಾಡುತ್ತಿದ್ದವರು ಆಯಾಸವೆಂದು ಮರಕ್ಕೊರಗಿ ಕುಳಿತರು, ಮತ್ತೆ ಏಳಲಿಲ್ಲ. ವಯಸ್ಸು 51.

ನಮ್ಮ ಕಾಲಕ್ಕೆ

ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1930ರಲ್ಲೇ ಬಲವಂತದ ದುಡಿಮೆಯ ವಿರುದ್ಧ ಒಡಂಬಡಿಕೆ ರಚಿಸಿತು. ನಮ್ಮ ದೇಶದಲ್ಲಿ ಜೀತಪದ್ಧತಿ ರದ್ದತಿ ಕಾಯಿದೆ 1976ರಲ್ಲಿ ಬಂತು. ಹೀಗಿದ್ದೂ ಅದೇ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ 2 ಕೋಟಿ 76 ಲಕ್ಷ ಜನ ಬಲವಂತದ ದುಡಿಮೆಯಲ್ಲಿದ್ದರು. ದೊಡ್ಡ ಹೆಸರಿನ ಕಂಪೆನಿಗಳು ಸ್ವಂತ ಕಾರ್ಖಾನೆಯಲ್ಲಿ ಹೀಗೆ ಮಾಡಿಸುವುದು ಅಪರೂಪ. ಅವರಿಗೆ ಬಟ್ಟೆ ಹೊಲಿದುಕೊಡುವವನಿಗೆ ನೂಲು ಕೊಡುವವನು, ಅವನಿಗೆ ಹತ್ತಿ ಕೊಡುವವನು ಎಂದು ಹತ್ತು ಮೆಟ್ಟಿಲಿಳಿದ ಮೇಲೆ ಜೀತ ಇರುತ್ತದೆ. ಮೇಲೆ ಕುಳಿತವರು ತಮಗೆ ತಿಳಿಯದೆಂದು ಕೈತೊಳೆದುಕೊಳ್ಳುತ್ತಾರೆ.

ಇದಕ್ಕೆಂದೇ ಬ್ರಿಟನ್ 2015ರಲ್ಲಿ, ಅಮೆರಿಕ 2021ರಲ್ಲಿ, ಐರೋಪ್ಯ ಒಕ್ಕೂಟ 2024ರಲ್ಲಿ ಕಾನೂನು ಮಾಡಿದವು. ಮಾಲು ಎಲ್ಲಿಂದ ಬಂತು, ಯಾರು ದುಡಿದರು ಎಂಬುದನ್ನು ಕಾಗದದ ಮೇಲೆ ತೋರಿಸಿ ಎಂಬುದು ಅವುಗಳ ಸಾರ. ಮೊರೆಲರು ಆಂಟ್‌ವರ್ಪಿನಲ್ಲಿ ಮಾಡಿದ್ದೂ ಇದನ್ನೇ. ಆದರೆ ಕಾನೂನು ಕೇಳುವುದಕ್ಕೂ ಕಾಗದ ನೋಡಿದವರು ಬಾಯಿ ಬಿಡುವುದಕ್ಕೂ ವ್ಯತ್ಯಾಸವಿದೆ. ಲಿವರ್‌ಪೂಲಿನ ಆ ಕಚೇರಿಯಲ್ಲಿ ಅದೇ ಪುಸ್ತಕಗಳನ್ನು ದಿನವೂ ತಿರುವಿದವರು ಮೊರೆಲರೊಬ್ಬರೇ ಆಗಿರಲಾರರು. ಕೂಡಿಸಿ ಕಳೆದು ಸಹಿ ಹಾಕಿ ಮನೆಗೆ ಹೋದ ಇತರರ ಹೆಸರು ಇಂದು ಯಾರಿಗೂ ಗೊತ್ತಿಲ್ಲ.

ನಮ್ಮ ಮನೆಗಳಿಂದಲೂ ಎಷ್ಟೋ ಮಕ್ಕಳು ಲೆಕ್ಕ ಕಲಿತು ಮಂಗಳೂರು, ಬೆಂಗಳೂರು, ಕೊಲ್ಲಿ ದೇಶಗಳ ಕಚೇರಿಗಳಲ್ಲಿ ಕುಳಿತಿದ್ದಾರೆ. ಸರಕಿನ ಪಟ್ಟಿಯೂ ಕೂಲಿಯ ಪಟ್ಟಿಯೂ ಅವರ ಕೈಯ ಮೂಲಕವೇ ಹಾದುಹೋಗುತ್ತವೆ. ಬಂದ ಮಾಲಿಗೂ ಹೋದ ಬೆಲೆಗೂ ತಾಳೆಯಾಗದಿದ್ದಲ್ಲಿ ಒಂದು ಗಳಿಗೆ ನಿಂತು ನೋಡುವುದು ಗುಮಾಸ್ತಿಕೆಯ ಮೊದಲ ಧರ್ಮ. ಮೊರೆಲರು ಅದನ್ನು ಪಾಲಿಸಿದರು.